ಎಡಗೈ

"ನಡಿಗೆ ಚೆನ್ನಾಗಿ ಬಂದಿದೆ, ಆದರೆ ಎಡಗೈ ಬೀಸುವುದನ್ನೇ ಮರೆತಿದ್ದೀರಿ" ಎಂದು ಆ್ಯನಿಮೇಷನ್ ಕಲಿಯುವವರ ಫೋರಂನಲ್ಲಿ ಯಾರೋ ಬರೆದಿದ್ದರು. ನಳಿನಿಗೆ ನಾಚಿಕೆಯಾಯಿತು. ಅಪ್ಪ ಬೀದಿಯಲ್ಲಿ ನಡೆದು ಬರುವುದನ್ನು ಕಿಟಕಿಯಿಂದ ನೋಡಿ ನೋಡಿ ಅವಳು ಕಂಪ್ಯೂಟರಿನ ಗೊಂಬೆಗೆ ನಡಿಗೆ ಕಲಿಸಿ, ಆ ವಿಡಿಯೊವನ್ನು ಅಲ್ಲಿ ಹಾಕಿದ್ದಳು. ಕೆಳಗೆ ಇನ್ನೊಬ್ಬರ ಉತ್ತರವಿತ್ತು: "ಇದು ನಿಮ್ಮ ಕೈತಪ್ಪೇ ಆಗಿರಲಿ ಎಂದು ಹಾರೈಸುತ್ತೇನೆ. ನಡುಕದ ಕಾಯಿಲೆ ಶುರುವಾಗುವ ಮೊದಲು ನನ್ನ ತಾತ ಹೀಗೇ ನಡೆಯುತ್ತಿದ್ದರು."

ಎಡಗೈಯಲ್ಲಿ ತರಕಾರಿ ಚೀಲವಿತ್ತೇನೋ, ಅದಕ್ಕೇ ಇರಬೇಕು ಎಂದುಕೊಳ್ಳುತ್ತ ಅವಳು ಹೊರಗೆ ಓಡಿದಳು. ಅಪ್ಪ ಹಾವನೂರು ಸರ್ಕಲ್‌ನಿಂದ ಆಗಷ್ಟೇ ಬಂದು ಚೀಲ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು.

"ಅಪ್ಪಾ, ಚೀಲ ಕೆಳಗಿಟ್ಟು ಗೇಟಿನ ತನಕ ಒಂದ್ಸಲ ನಡೆದು ತೋರ್ಸು."

"ಏನೇ ಇದು, ಹೆಣ್ಣು ನೋಡೋಕೆ ಬಂದವರ ಥರ! ಹಾಡೂ ಹೇಳ್ಬೇಕಾ?" ಅಪ್ಪ ನಕ್ಕು, ಹೆಗಲ ಮೇಲಿನ ಟವೆಲನ್ನು ಸೆರಗಿನಂತೆ ಸರಿಪಡಿಸಿಕೊಂಡು, ತಲೆ ತಗ್ಗಿಸಿ ಹೊರಟರು. ಬಲಗೈ ಹಿಂದೆ ಮುಂದೆ ಬೀಸಿತು. ಎಡಗೈ ಮಾತ್ರ ಮೊಣಕೈಯಲ್ಲಿ ತುಸು ಮಡಿಚಿಕೊಂಡು, ಪಕ್ಕೆಗೆ ಅಂಟಿಕೊಂಡೇ ಇತ್ತು. ಗೊಂಬೆಯದೂ ಹಾಗೆಯೇ ಇತ್ತು.

ನಳಿನಿ ಮೆಟ್ಟಿಲ ಬಳಿಯಿಂದಲೇ ಕೂಗಿದಳು: "ವಾಪಸ್ ಬರೋವಾಗ ಎರಡೂ ಕೈ ಬೀಸ್ಕೊಂಡು ಬಾ ಅಪ್ಪಾ."

ಅಪ್ಪ ಗೇಟಿನಿಂದ ತಿರುಗಿ ಅವಳತ್ತ ನಡೆದು ಬಂದರು. ಬಲಗೈಯೊಂದೇ ಬೀಸುತ್ತಿತ್ತು.

"ಎರಡೂ ಬೀಸ್ತಾನೇ ಇದೀನಲ್ಲೇ!" ಎಂದರು.