ನಾಲ್ಕೂ ಹತ್ತರ ಒನ್ ಬೈ ಟೂ

ಹೆಬ್ಬಾಳದ ಆಫೀಸಿನಲ್ಲಿ ಕೂತು ಕಾಶಿನಾಥ ಮಾಡಬಾರದ ಕೆಲಸ ಮಾಡಿದ. ಯಲಹಂಕದ ಕಾಲೇಜೊಂದಕ್ಕೆ ತನ್ನ ಕಂಪನಿ ಕೊಟ್ಟಿದ್ದ ಕಾರ್ಡುಗಳ ವರದಿ ನೋಡುತ್ತಿದ್ದವನು, ಅದೇ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಡತಿಯ ಕಾರ್ಡಿನ ನಂಬರು ಒತ್ತಿಬಿಟ್ಟ. ಪ್ರತಿಭಾಳ ಇಡೀ ತಿಂಗಳು ಪರದೆಯ ಮೇಲೆ ಬಿಚ್ಚಿಕೊಂಡಿತು. ಬೆಳಿಗ್ಗೆ ಎಂಟೂ ಐವತ್ತಕ್ಕೆ ಗೇಟು, ಒಂಬತ್ತಕ್ಕೆ ಲೈಬ್ರರಿ ಬಾಗಿಲು, ಸಂಜೆ ನಾಲ್ಕೂ ಹತ್ತಕ್ಕೆ ಕ್ಯಾಂಟೀನು. ಕಾಫಿ, ಒನ್ ಬೈ ಟೂ. ಮರುದಿನವೂ ಒನ್ ಬೈ ಟೂ. ಅದರ ಮರುದಿನವೂ. ಒಂದು ದಿನವೂ ತಪ್ಪಿಸಿಲ್ಲ ಮಹಾತಾಯಿ.

ಒಂದು ಕಾಫಿಯನ್ನು ಎರಡು ಲೋಟ ಮಾಡಿಸಿಕೊಂಡು ಒಬ್ಬಳೇ ಯಾಕೆ ಕುಡಿಯುತ್ತಾಳೆ? ಇನ್ನೊಂದು ಲೋಟ ಯಾವನದು? ಕಾಶಿನಾಥ ವರದಿಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದ. ಕಲಬುರ್ಗಿಯಿಂದ ಬಂದ ಹೊಸದರಲ್ಲಿ ಯಶವಂತಪುರದ ಹೋಟೆಲೊಂದರಲ್ಲಿ ನಿಂತು ಇಬ್ಬರೂ ಒನ್ ಬೈ ಟೂ ಕುಡಿಯುತ್ತಿದ್ದರು. ನೊರೆ ಜಾಸ್ತಿ ಇರುವ ಲೋಟವನ್ನು ಅವಳು ಅವನ ಕಡೆಗೆ ತಳ್ಳುತ್ತಿದ್ದಳು. ಅದು ಅವರಿಬ್ಬರ ಗುಟ್ಟಿನ ಸಂಗತಿ ಎಂದೇ ಅವನು ತಿಳಿದಿದ್ದ. ಈಗ ಆ ನೊರೆ ಯಾರ ಪಾಲಾಗುತ್ತಿದೆ?

ಕ್ಯಾಂಟೀನಿನ ಮೆಷಿನ್ನಿಗೆ ಒನ್ ಬೈ ಟೂ ಬಟನ್ ಹಾಕಿಸಿದವನೂ ಈ ಪುಣ್ಯಾತ್ಮನೇ. ಕಾರ್ಡನ್ನು ಜನರಿಗೆ ರೂಢಿ ಮಾಡಿಸುವುದು ಹೇಗೆ ಎಂದು ಹನ್ನೆರಡು ಪುಟ ಬರೆದು ಸಾಹೇಬರಿಂದ ಶಭಾಷ್ ಅನ್ನಿಸಿಕೊಂಡಿದ್ದ. ಗೇಟು, ಪುಸ್ತಕ, ಊಟ ಎಲ್ಲಕ್ಕೂ ಒಂದೇ ಕಾರ್ಡು. ಕ್ಯಾಂಟೀನಿನಲ್ಲಿ ನೋಟು ನಡೆಯಬಾರದು, ಫೋನೂ ನಡೆಯಬಾರದು, ಆಗ ತಾನಾಗಿಯೇ ಎಲ್ಲರೂ ಕಾರ್ಡು ಹಿಡಿಯುತ್ತಾರೆ. ಗುತ್ತಿಗೆ ಕೆಲಸದವರು ಇವತ್ತು ಇದ್ದು ನಾಳೆ ಹೋಗುವವರು, ಅವರಿಗೆ ಕಾರ್ಡು ದಂಡ ಎಂದು ಕೊನೆಯ ಪುಟದಲ್ಲಿ ಸೇರಿಸಿದ್ದ. ಅದನ್ನು ಓದಿ ಪ್ರತಿಭಾ ಏನೋ ಹೇಳಲು ಬಂದಾಗ, ಆಫೀಸಿನ ವಿಷಯ ಮನೆಯಲ್ಲಿ ಬೇಡ ಎಂದು ಬಾಯಿ ಮುಚ್ಚಿಸಿದ್ದ.

ಅಂದು ಸಂಜೆ ಅಟ್ಟೂರಿನ ಮನೆಗೆ ಬಂದವಳ ಜಡೆಯಲ್ಲಿ ಸಂಪಿಗೆ ಇತ್ತು. ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು. ಇಷ್ಟು ದಿನ ಬರೀ ವಾಸನೆ ಅನ್ನಿಸಿದ್ದು ಇವತ್ತು ಅವನ ಮೂಗಿಗೆ ಮೆಣಸಿನ ಘಾಟಿನ ಹಾಗೆ ಹೊಡೆಯಿತು.

"ಹೂವು ಯಾರು ಕೊಟ್ರು?"

ಅವನ ಮುಖದ ಗಂಟು ನೋಡಿ ಪ್ರತಿಭಾಗೆ ತುಂಟತನ ಬಂತು. "ಒಬ್ರು ಕೊಡ್ತಾರ. ದಿನಾ ಕೊಡ್ತಾರ. ಯಾಕ?"

ಊಟಕ್ಕೆ ಕೂತವನು ಅರ್ಧ ರೊಟ್ಟಿಗೇ ಎದ್ದ. ಕಾಲೇಜಿನ ಮೇಷ್ಟ್ರುಗಳನ್ನೆಲ್ಲ ಒಬ್ಬೊಬ್ಬರಾಗಿ ನೆನಪಿಸಿಕೊಂಡ. ಆ ಗುಂಗುರು ಕೂದಲಿನ ರವಿಕಿರಣನೇ ಇರಬೇಕು, ಕಾಲೇಜಿನ ಸಮಾರಂಭವೊಂದರಲ್ಲಿ ಅವಳ ಪಕ್ಕ ನಿಂತು ಹಲ್ಲು ಕಿರಿದಿದ್ದ. ಪಾಪ, ಆ ರವಿಕಿರಣ ಕಾಫಿಯನ್ನೇ ಮುಟ್ಟುವವನಲ್ಲ ಎಂಬುದು ಇವನಿಗೇನು ಗೊತ್ತು.

ಮರುದಿನ ಕಾಶಿನಾಥ ಆಫೀಸಿಗೆ ಹೊಟ್ಟೆನೋವೆಂದು ಹೇಳಿದ, ಅದು ಪೂರ್ತಿ ಸುಳ್ಳೂ ಅಲ್ಲ. ಕಾಲೇಜಿನ ಗೇಟಿನ ಪುಸ್ತಕದಲ್ಲಿ ಸಂದರ್ಶಕ ಎಂದು ಬರೆದು ಸರಿಯಾಗಿ ನಾಲ್ಕೂ ಹತ್ತಕ್ಕೆ ಕ್ಯಾಂಟೀನಿನ ಹಿಂದೆ ಹೋದ. ಸಂಪಿಗೆ ಮರದ ಕೆಳಗೆ ಕಲ್ಲುಬೆಂಚು. ಬೆಂಚಿನ ಮೇಲೆ ಪ್ರತಿಭಾ, ಎರಡು ಲೋಟ, ಆಚೆ ತುದಿಯಲ್ಲಿ ಮಣ್ಣು ಮೆತ್ತಿದ ಖಾಕಿ ಅಂಗಿಯ ಮುದುಕ. ಕಾಲೇಜಿನ ತೋಟ ನೋಡಿಕೊಳ್ಳುವ ಮುನಿಆಂಜಿನಪ್ಪ. ಮುದುಕ ಜೇಬಿನಿಂದ ಎಲೆಯಲ್ಲಿ ಸುತ್ತಿದ ಸಂಪಿಗೆ ತೆಗೆದು ಬೆಂಚಿನ ಮೇಲಿಟ್ಟು, ಆಮೇಲಷ್ಟೇ ಲೋಟಕ್ಕೆ ಕೈ ಹಾಕಿದ. ಕಾಶಿನಾಥನಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ನೊರೆಯ ಲೋಟ ಮುದುಕನ ಕಡೆಗೇ ಹೋಗಿತ್ತು.

ಪ್ರತಿಭಾ ತಿರುಗಿ ನೋಡಿದಳು. ನಗಲಿಲ್ಲ.

"ನಾಲ್ಕೂ ಹತ್ತಕ್ಕ ಇಲ್ಲಿರ್ತೀನಂತ ನಿಮಗ ನಾ ಹೇಳೇ ಇರಲಿಲ್ಲಲ್ಲ."

ಕಾಶಿನಾಥ ಕಾಫಿ ತರ್ತೀನಿ ಎಂದು ಕೌಂಟರಿಗೆ ನಡೆದ. ಅಲ್ಲಿ ಕೂತಿದ್ದ ಸಬೀರಾ ಅವನ ಐವತ್ತರ ನೋಟು ನೋಡಿ ತಲೆಯಾಡಿಸಿದಳು. ಫೋನು ತೆಗೆದ, ಅದಕ್ಕೂ ತಲೆಯಾಡಿಸಿದಳು. ಕಾರ್ಡ್ ಇದ್ರೆ ಮಾತ್ರ ಸಾರ್, ಕಂಪನಿಯವರ ರೂಲು ಎಂದಳು. ಆ ಕಂಪನಿಯವನು ನಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ನೋಟನ್ನು ಮಡಚಿಕೊಂಡು ಬರಿಗೈಯಲ್ಲಿ ವಾಪಸ್ಸು ಬಂದ.

ಇವನು ಯಾರೆಂದು ಮುನಿಆಂಜಿನಪ್ಪನಿಗೆ ಗೊತ್ತಿರಲಿಲ್ಲ, ಪ್ರತಿಭಾ ಹೇಳಲೂ ಇಲ್ಲ. ಮುದುಕ ಸರಿದು ಬೆಂಚಿನಲ್ಲಿ ಜಾಗ ಮಾಡಿದ.

"ಕುತ್ಕಳಿ ಸಾಮಿ. ನನ್ ತಾವೂ ದುಡ್ಡೈತೆ, ಅವ್ರು ಈಸ್ಕಣಲ್ಲ. ಗುತ್ತಿಗೆಯೋರ್ಗೆ ಕಾರ್ಡು ಬ್ಯಾಡ ಅಂತ ಯಾವನೋ ಬರದ್ಬುಟ್ಟವ್ನಂತೆ. ಅದ್ಕೇ ಈಯಮ್ಮ ಅರ್ಧ ಕಾಪಿ ಕೊಡ್ತದೆ. ಸುಮ್ಕೆ ಎಂಗೆ ಕುಡಿಯಾದು ಅಂತ ನಾನೊಂದು ಊವ ಕೊಡ್ತೀನಿ."

ಕಾಶಿನಾಥ ಹೆಂಡತಿಯ ಕಡೆ ನೋಡಿದ. ಅವಳು ಸಂಪಿಗೆಯನ್ನು ಜಡೆಗೆ ಸಿಕ್ಕಿಸಿಕೊಳ್ಳುತ್ತಿದ್ದಳು, ಇವನ ಕಡೆ ನೋಡಲಿಲ್ಲ.

ಮುನಿಆಂಜಿನಪ್ಪ ಇನ್ನೂ ಬಾಯಿಗಿಟ್ಟಿರದ ತನ್ನ ಲೋಟವನ್ನು ಅವನ ಕಡೆಗೆ ತಳ್ಳಿದ, ನೊರೆಯ ಸಮೇತ.

"ತಕಳಿ. ನಿಮ್ಗೂ ಕೊಟ್ಟಿಲ್ವಾ ಅವ್ನು, ಕಾರ್ಡು?"