ಆರು ವೋಟಿನ ಮನೆ

"ಮಾತು ಮುರಿದೋರು ಯಾರು? ಈಗ್ಲೇ ಏಳ್ಬುಡಿ!"

ಕೆಂಪಣ್ಣನ ಕೂಗಿಗೆ ಹಿತ್ತಿಲಿನ ಕೋಳಿಗಳೂ ಬೆದರಿದವು. ಎಣಿಕೆ ಮುಗಿದು ಎರಡು ಗಂಟೆಯಾಗಿತ್ತು. ಬೂತುವಾರು ಪಟ್ಟಿ ಮೊಬೈಲಿಗೆ ಬಂದಿತ್ತು. ಅವರ ಊರಿನ ಬೂತಿನಲ್ಲಿ ಪಕ್ಷಕ್ಕೆ ಬಿದ್ದದ್ದು ಒಂದೇ ಒಂದು ವೋಟು. ಮನೆಯಲ್ಲಿ ಯಾರೂ ಬಾಯಿ ತೆರೆಯುವ ಮೊದಲೇ ಅವನು ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ ವಿಚಾರಣೆಗೆ ಇಳಿದಿದ್ದ.

ಹೊಳೆನರಸೀಪುರದಾಚೆಯ ಆ ಊರಲ್ಲಿ ಪಕ್ಷವೆಂದರೆ ಕೆಂಪಣ್ಣನ ಮನೆ. ಪಕ್ಷ ರಾಜ್ಯ ಆಳಿದಾಗಲೂ ಅಲ್ಲಿ ಆರು ವೋಟು, ಠೇವಣಿ ಕಳೆದುಕೊಂಡಾಗಲೂ ಆರು. ಹೋದ ವರ್ಷ ಅವನ ತಾಯಿ ತೀರಿಕೊಂಡಾಗ ಒಂದು ಕಡಿಮೆಯಾಯಿತು ಎಂದು ಊರವರು ಲೆಕ್ಕ ಹಾಕುವಷ್ಟರಲ್ಲಿ ಮೊಮ್ಮಗಳು ಮೇಘಶ್ರೀಗೆ ಹದಿನೆಂಟು ತುಂಬಿತು. ಟೀ ಅಂಗಡಿಯಲ್ಲಿ ಅವನಿಗೆ "ಆರೋಟಿನ ಗೌಡ್ರು" ಎಂದೇ ಹೆಸರು. ಅವನು ಅದನ್ನು ಬಿರುದೆಂದೇ ತಿಳಿದು ಮೀಸೆ ತಿರುವುತ್ತಿದ್ದ.

ಇಪ್ಪತ್ತರ ಪ್ರಾಯದಲ್ಲಿ ಹಾಸನದಲ್ಲಿ ಕೇಳಿದ ಒಂದು ಭಾಷಣ ಅವನನ್ನು ಹಿಡಿದುಬಿಟ್ಟಿತ್ತು. ರೈತ ತಾನು ಬೆಳೆದದ್ದನ್ನು ತನಗೆ ಬೇಕಾದಲ್ಲಿ ಮಾರಲಿ, ಸರ್ಕಾರ ಅಡ್ಡ ಬರಬಾರದು. ಬಿಟ್ಟಿ ಕೊಟ್ಟು ಜನರ ಕೈ ಚಾಚಿಸಬಾರದು. ಅಪ್ಪನ ಕುರ್ಚಿ ಮಗನಿಗೆ ಪಿತ್ರಾರ್ಜಿತವಲ್ಲ. ಈ ಮೂರು ಮಾತಿಗೆ ಅವನು ಜೀವ ತೇಯ್ದ. ಸೈಕಲ್ಲಿಗೆ ಬಣ್ಣದ ಡಬ್ಬ ಕಟ್ಟಿಕೊಂಡು ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಗೋಡೆ ಬರೆದ. ಮದುವೆಯಾಗಿ ಬಂದ ಹೆಂಡತಿ ದೊಡ್ಡಮ್ಮನಿಗೆ ಅವನು ಮೊದಲು ಪರಿಚಯಿಸಿದ್ದು ಅತ್ತೆಯನ್ನಲ್ಲ, ಪಕ್ಷದ ಚಿಹ್ನೆಯನ್ನು.

ಪಕ್ಷ ಮಾತ್ರ ಒಂದೊಂದೇ ಮಾತನ್ನು ಕೈಬಿಡುತ್ತಾ ಹೋಯಿತು. ಮೊದಲನೆಯದನ್ನು ಅಧಿಕಾರ ಸಿಕ್ಕ ವರ್ಷವೇ ಮರೆಯಿತು. ಎರಡನೆಯದು ಈ ಸಲದ ಪ್ರಣಾಳಿಕೆಯಲ್ಲಿ ಮುಳುಗಿತು. ಎದುರಾಳಿಗಳು ಐದು ಬಿಟ್ಟಿ ಎಂದರೆ ಇವರು ಆರು ಎಂದರು. ಮೂರನೆಯದನ್ನು ಮುಗಿಸಲು ರಜನೀಶ್ ಬಂದ. ಎದುರು ಪಕ್ಷದ ಹಳೇ ಶಾಸಕನ ಮಗ. ನಾಮಪತ್ರಕ್ಕೆ ಎಂಟು ದಿನವಿರುವಾಗ ಇತ್ತ ಹಾರಿದ, ಟಿಕೆಟ್ಟು ಪಡೆದ. ಅವನಪ್ಪನ ಜನ ಹಿಂದೊಮ್ಮೆ ಕೆಂಪಣ್ಣನ ಸೈಕಲ್ಲನ್ನು ಹೊಳೆಗೆ ಎಸೆದು, ಅವನ ಹಲ್ಲು ಉದುರಿಸಿದ್ದರು.

ಕೆಂಪಣ್ಣ ಪಕ್ಷದ ತಾಲ್ಲೂಕು ಕಚೇರಿಗೆ ಹೋಗಿ ನ್ಯಾಯ ಕೇಳಿದ. ತಾಲ್ಲೂಕು ಅಧ್ಯಕ್ಷ ನಟರಾಜ ತಲೆ ಎತ್ತದೆ ಹೇಳಿದ: "ಅಣ್ಣ, ನಿಮ್ಮೂರಲ್ಲಿರದು ಆರೋಟು. ಆರೋಟಿಗೆಲ್ಲಾ ಸಿದ್ಧಾಂತ ಮಾತಾಡ್ತಾ ಕೂತ್ರೆ ಗೆಲ್ಲಕ್ಕಾಯ್ತದಾ?"

ಸುತ್ತ ಇದ್ದವರು ನಕ್ಕರು. ಕೆಂಪಣ್ಣನೇ ಬೆರಳು ಹಿಡಿದು ಪಕ್ಷಕ್ಕೆ ಕರೆತಂದವರೂ ಆ ನಗುವಿನಲ್ಲಿದ್ದರು. "ನಮ್ಮ ಬೂತಿನ ಪಟ್ಟಿ ಬತ್ತದಲ್ಲ, ಆಗ ನೋಡು ನಾನ್ಯಾರು ಅಂತ!" ಎಂದು ಕೆಂಪಣ್ಣ ಎದ್ದು ಬಂದ. ಮನೆಗೆ ಬಂದವನೇ ಐದು ಜನರಿಂದಲೂ ದೇವರ ದೀಪ ಮುಟ್ಟಿಸಿ ವೋಟಿನ ಆಣೆ ಮಾಡಿಸಿದ. ಇಷ್ಟು ವರ್ಷದಲ್ಲಿ ಆಣೆ ಬೇಕಾದದ್ದು ಅದೇ ಮೊದಲು.

ಈಗ ಪಟ್ಟಿ ಬಂದಿತ್ತು.

"ನೀನೇ ಕಣ್ಲಾ," ಎಂದು ತಮ್ಮ ಬೋರಪ್ಪನ ಮೇಲೆ ಬಿದ್ದ. "ಕಂಡೋರ ಬಾಡೂಟಕ್ಕೆ ಮಾತು ಮಾರ್ಕಂಡೆ."

"ಬಾಡು ತಿಂದಿದ್ದು ದಿಟ ಕಣಣ್ಣೋ. ಮೂರು ಪಾರ್ಟಿದೂ ತಿಂದೆ. ಆದ್ರೆ ನೀನೇಳಿದ್ ಗುಂಡಿ ಬುಟ್ಟು ಬ್ಯಾರೆದು ಮುಟ್ನಿಲ್ಲ."

ಸಿಟ್ಟು ಮಗ ಮೋಹನ್‌ಕುಮಾರನ ಕಡೆ ತಿರುಗಿತು. ಅವನು ಗೊಬ್ಬರದ ಅಂಗಡಿಯ ಲೈಸೆನ್ಸಿಗೆ ಅಲೆಯುತ್ತಿದ್ದ. ಗೆಲ್ಲುವವರ ಕೃಪೆ ಅವನಿಗೆ ಬೇಕಿತ್ತು. "ಅಪ್ಪಾಜಿ, ನೀವು ಏಳಿದ್ದೇ ಒತ್ತಿದ್ದು," ಎಂದ ಅವನು. ಸೊಸೆ ಧನ್ಯಾ ಮುಖ ಗಂಟಿಕ್ಕಿಕೊಂಡು, "ಬಿಟ್ಟಿ ಆಸೆ ನಂಗಿಲ್ವಾ ಮಾವ, ಐತೆ. ಅಂಗಂತ ಆಣೆ ಮೀರ್ತೀನಾ?" ಎಂದಳು. ಮೇಘಶ್ರೀ ಅಳುವಂತಾಗಿದ್ದಳು. "ನನ್ನ ಫಸ್ಟ್ ವೋಟು ತಾತ. ಎರಡ್ ಸಲ ನೋಡಿ ಒತ್ತಿದೀನಿ."

ಹೆದ್ದಾರಿಯ ಕಡೆಯಿಂದ ಪಟಾಕಿ ಸದ್ದು ಕೇಳಿಸಿತು. ರಜನೀಶ್ ಗೆದ್ದಿದ್ದ. ಅದೇ ಹೊತ್ತಿಗೆ ನಟರಾಜನ ಫೋನು ಬಂತು.

"ಅಣ್ಣ, ಪಟ್ಟಿ ನೋಡ್ದೆ. ಆ ಒಂದು ಯಾರ್ದು ಅಂತ ಬಾಯ್ಬುಟ್ಟು ಏಳ್ಬೇಕಾ? ನಿಮ್ಮ ಮ್ಯಾಲೆ ನಮಗೆ ಯಾವತ್ತೂ ಅನುಮಾನ ಇರ್ನಿಲ್ಲ ಬುಡಿ." ಅವನ ಹಿಂದೆ ಯಾರೋ ಗಹಗಹಿಸುತ್ತಿದ್ದರು.

ಕೆಂಪಣ್ಣ ಫೋನು ಇಟ್ಟ. ಅವಮಾನಕ್ಕೆ ಅವನ ಕಿವಿ ಕೆಂಪಾಗಿತ್ತು. "ಬರೀ ಬಾಯ್ಮಾತು ಬ್ಯಾಡ," ಎಂದ. "ಎಲ್ರೂ ದೀಪ ಮುಟ್ಟಿ ಏಳಿ."

ದೊಡ್ಡಮ್ಮ ಒಳಗಿನಿಂದ ದೀಪ ತಂದಳು. ಬೋರಪ್ಪ ಮುಟ್ಟಿದ. ಮೋಹನ್‌ಕುಮಾರ ಮುಟ್ಟಿದ. ಧನ್ಯಾ, ಮೇಘಶ್ರೀ ಇಬ್ಬರೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ದೊಡ್ಡಮ್ಮ ತಾನೂ ಮುಟ್ಟಿ, ದೀಪವನ್ನು ಕೆಳಗಿಡದೆ ಗಂಡನ ಮುಂದೆ ಹಿಡಿದು ನಿಂತಳು.

ಕೆಂಪಣ್ಣ ಮಂಡಿಯ ಮೇಲಿನ ಕೈ ಎತ್ತಲಿಲ್ಲ. ನೋಡನೋಡುತ್ತಲೇ ಅವನ ಕಣ್ಣು ತುಂಬಿ ಬಂತು.

"ಈ ಸಲ ಪಕ್ಷಕ್ಕೆ ಒಂದೋಟೂ ಬೀಳ್ಬಾರ್ದು ಅಂತ ನಮ್ಮೈದು ಜನದ ಕೈಲೂ ಆಣೆ ಮಾಡಿಸ್ಕಂಡ್ರಿ," ಎಂದಳು ದೊಡ್ಡಮ್ಮ ಮೆಲ್ಲಗೆ. "ನಿಮ್ಮ ಕೈಲಿ ಮಾಡಿಸ್ಕಳದ್ನ ನಾವು ಮರ್ತುಬುಟ್ವು."