ಎರಡು ಕಡೆಯ ಬೀಗ

"ಇದನ್ನ ಓದು ಅಂತ ನನ್ನ ಮಗಳಿಗೆ ಹೇಳಿದ್ದು ಯಾರು?"

ಬೀಗ ರಿಪೇರಿಯವನು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಾಕೆ ಕನ್ನಡಕ ಏರಿಸಿ ನೋಡಿದಳು. ಜಪಾನಿನ ಮಾಂಗಾ. ಪುಟದ ತುಂಬ ಚಿತ್ರ, ನಡುನಡುವೆ ನಾಲ್ಕು ಮಾತು.

"ನಾನೇ ಹೇಳಿದ್ದು. ಯಾಕಣ್ಣ?"

"ಯಾಕಾ? ಮನೆ ಮುರಿಯೋ ಪಾಠ ಇದು!"

ಬೀಗದವನಿಗೆ ಅನುಮಾನವೇ ಅನ್ನ. ಜನ ಒಬ್ಬರನ್ನೊಬ್ಬರು ನಂಬಿದ್ದರೆ ಅವನ ಒಲೆ ಉರಿಯುತ್ತಿರಲಿಲ್ಲ. ಆದರೂ ಸ್ವಂತ ಮನೆಯಲ್ಲೇ ಒಮ್ಮೆ ಏಮಾರಿದ್ದ. ತಾಯಿಯಿಲ್ಲದ ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳು ಎರಡು ವರ್ಷದ ಹಿಂದೆ ತಾನು ಮೆಚ್ಚಿದವನ ಜೊತೆ ಹೊರಟುಹೋಗಿದ್ದಳು. ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಈ ಬೆಳಿಗ್ಗೆ ಚಿಕ್ಕವಳು ಬಚ್ಚಲ ಬಾಗಿಲ ಹಿಂದೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು: "ಇವತ್ತು ಸಂಜೇನೇ. ಅಪ್ಪ ಅಂಗಡೀಲಿರ್ತಾರೆ. ಬ್ಯಾಗು ಒಂದೇ ಸಾಕು." ಇವಳೂ ಹೊರಟಳು ಎಂದುಕೊಂಡ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಅನ್ನಿಸಿಕೊಳ್ಳುವುದು ಒಂದು ಸಲಕ್ಕೆ ಸಾಕಾಗಿತ್ತು. ಮಧ್ಯಾಹ್ನ ಅವಳು ಮಲಗಿದಾಗ ಸದ್ದಿಲ್ಲದೆ ಮುಂಬಾಗಿಲಿನ ಹಳೇ ಬೀಗ ಬಿಚ್ಚಿ, ಹೊಸದನ್ನು ಕೂರಿಸಿದ. ಒಳಗಿನವರಿಗೂ ಕೀಲಿ ಇಲ್ಲದೆ ತೆಗೆಯಲಾಗದ ಬೀಗ ಅದು. ಹೊರಗಿನಿಂದ ತಿರುಗಿಸಿ, ಇದ್ದ ಒಂದೇ ಕೀಲಿಯನ್ನು ಜೇಬಿಗಿಳಿಸಿ, ಅವಳ ದಿಂಬಿನಡಿಯಿಂದ ಎಳೆದಿದ್ದ ಪುಸ್ತಕ ಹಿಡಿದು ಇಲ್ಲಿಗೆ ಬಂದಿದ್ದ.

"ನೋಡಿ," ಎಂದು ಮೊದಲಿನಿಂದ ಪುಟ ಮಗುಚಿದ. ಅಕ್ಷರ ಅವನಿಗೆ ತಿಳಿಯದ ಭಾಷೆಯದು. ಚಿತ್ರಕ್ಕೆ ಯಾವ ಭಾಷೆ? "ಇಲ್ಲಿ ಹುಡುಗಿ ಅಪ್ಪನ ಎದುರು ಕೂತು ಊಟ ಮಾಡ್ತಿದಾಳೆ. ಇಲ್ಲಿ ಬ್ಯಾಗು ಹಿಡ್ಕೊಂಡು ಬಾಗಿಲ ಹೊರಗೆ ನಿಂತಿದಾಳೆ. ಇಲ್ಲಿ ರೈಲು. ಕೊನೇಲಿ ಯಾವನದೋ ಪಕ್ಕ ಹಲ್ಲು ಕಿರೀತಿದಾಳೆ, ಅಪ್ಪ ಪತ್ತೇನೇ ಇಲ್ಲ! ಇದು ಕಥೇನಾ, ಓಡಿಹೋಗೋಕೆ ದಾರೀನಾ?"

ಆಕೆ ನಕ್ಕಳು. ಆ ನಗುವಿನಲ್ಲೂ ಅವನಿಗೆ ಏನೋ ಒಳಸಂಚು ಕಂಡಿತು. ಆಕೆ ಪುಸ್ತಕವನ್ನು ಮಗುಚಿ, ಹಿಂದಿನ ರಟ್ಟು ಮೇಲೆ ಬರುವಂತೆ ಅವನ ಮುಂದಿಟ್ಟಳು.

"ಜಪಾನಿನವರದು ಬಲಗಡೆಯಿಂದ ಶುರು, ಅಣ್ಣ. ನಮ್ಮ ಕೊನೆ ಅವರಿಗೆ ಮೊದಲು. ನೀವು ಉಲ್ಟಾ ಓದಿದೀರಿ."

ಅವನು ಮತ್ತೆ ಪುಟ ತಿರುವಿದ. ಹುಡುಗನ ಪಕ್ಕ ನಗುವ ಹುಡುಗಿ. ರೈಲು. ಬ್ಯಾಗು ಹಿಡಿದು ಬಾಗಿಲ ಹೊರಗೆ. ಆಮೇಲೆ ಅಪ್ಪನ ಎದುರು ತಟ್ಟೆ. ಅದೇ ಚಿತ್ರಗಳು, ಆದರೆ ಹುಡುಗಿ ಮನೆಗೆ ಬರುತ್ತಿದ್ದಳು. ಸೋತೆನೆಂದು ಒಪ್ಪಲು ಅವನಿಗಿನ್ನೂ ಮನಸ್ಸಿರಲಿಲ್ಲ.

"ಆಗಲಿ. ಇವಳಿಗ್ಯಾಕೆ ಬೇಕಿತ್ತು ಇದು?"

"ಅವಳಿಗಲ್ಲ, ನಿಮಗೆ! 'ನಮ್ಮಪ್ಪಂಗೆ ಹಿಡಿಸೋ ಅಂಥದ್ದು ಯಾವುದಿದೆ ಹೇಳಿ ಆಂಟಿ, ಅವರಿಗೆ ಚಿತ್ರ ಇದ್ರೆ ಸಾಕು' ಅಂತ ಬಂದ್ಲು. ಮೊದಲು ಮಾಯಾಲೋಕದ್ದು ಕೊಟ್ಟೆ. ಕಳೆದುಹೋದ ಅಕ್ಕನ್ನ ಹುಡುಕ್ಕೊಂಡು ತಂಗಿ ಡ್ರ್ಯಾಗನ್ ಬೆನ್ನೇರಿ ಬೆಟ್ಟ ದಾಟ್ತಾಳೆ. 'ನಮ್ಮಪ್ಪ ಪಕ್ಕದ ಮನೆಯವರನ್ನೇ ನಂಬಲ್ಲ, ಡ್ರ್ಯಾಗನ್ ನಂಬ್ತಾರಾ' ಅಂದ್ಲು. ಆಮೇಲೆ ದೆವ್ವದ್ದು ಕೊಟ್ಟೆ. ಸತ್ತ ಹುಡುಗಿ ದಿನಾ ಮನೆಯವರ ಜೊತೆ ಊಟಕ್ಕೆ ಕೂತ್ಕೊಳ್ತಾಳೆ, ಯಾರೂ ಅವಳನ್ನ ಮಾತಾಡಿಸಲ್ಲ. ಅದನ್ನ ಕಣ್ಣೊರೆಸಿಕೊಂಡು ವಾಪಸ್ ತಂದ್ಲು. 'ಬೇಡ ಆಂಟಿ, ನಮ್ಮನೆ ಕಥೆಯೇ ಆಯ್ತು.' ಕೊನೆಗೆ ಈ ಪ್ರೇಮಕಥೆ ಸಿಕ್ತು. 'ಇದು ಸರಿ, ಇದರಲ್ಲಿ ಅಪ್ಪ ಬಾಗಿಲು ತೆಗೀತಾರೆ' ಅಂದ್ಲು. ಇವತ್ತು ಸಂಜೆ ನಿಮ್ಮ ಕೈಗೆ ಕೊಡ್ತೀನಿ ಅಂತಿದ್ಲಪ್ಪ."

ಇವತ್ತು ಸಂಜೆ. ಬ್ಯಾಗು ಒಂದೇ ಸಾಕು. ಅದು ಹೊರಡುವವಳ ಮಾತೋ, ಬರುವವಳಿಗೆ ಹೇಳಿದ ಮಾತೋ? ಬೀಗದವನ ಕೈ ತಾನಾಗಿ ಜೇಬಿಗೆ ಹೋಯಿತು. ಪುಸ್ತಕವನ್ನು ಅಲ್ಲೇ ಬಿಟ್ಟು, ಮೈಮೇಲೆ ಪ್ರಜ್ಞೆಯಿಲ್ಲದವನಂತೆ ಮನೆಯತ್ತ ಓಡಿದ.

ಬೀದಿಯ ತಿರುವಿನಲ್ಲೇ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಬಡಿಯುತ್ತಿದ್ದುದು ಒಳಗಿನಿಂದ. "ಅಕ್ಕಾ, ಹೋಗಬೇಡ ಕಣೇ, ಇರು!" ಎಂದು ಚಿಕ್ಕವಳು ಕೂಗುತ್ತಿದ್ದಳು. ಮೆಟ್ಟಿಲ ಮೇಲೆ ದೊಡ್ಡವಳು ನಿಂತಿದ್ದಳು. ಸೊರಗಿಹೋಗಿದ್ದಳು. ಕಾಲಬುಡದಲ್ಲಿ ಒಂದು ಬ್ಯಾಗು. ಮನೆ ಬಿಟ್ಟ ದಿನ ಒಯ್ದಿದ್ದ ಹಳೇ ಕೀಲಿಯನ್ನು ಹೊಸ ಬೀಗಕ್ಕೆ ತೂರಿಸಿ ಅತ್ತ ಇತ್ತ ತಿರುಗಿಸುತ್ತಿದ್ದಳು. ಎರಡು ವರ್ಷ ಅವನು ಹಳೇ ಬೀಗವನ್ನು ಬದಲಿಸಿರಲಿಲ್ಲ. ಆ ಕೀಲಿ ಇವಳ ಹತ್ತಿರ ಇದೆಯೆಂದು ಗೊತ್ತಿದ್ದೇ ಬದಲಿಸಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

ಅವನು ಏದುಸಿರು ಬಿಡುತ್ತ ಹೊಸ ಕೀಲಿ ಹೊರತೆಗೆದ. ಅವಳು ಅದನ್ನೂ, ಒಳಗಿನಿಂದ ಅದುರುತ್ತಿದ್ದ ಬಾಗಿಲನ್ನೂ ನೋಡಿದಳು.

"ಅಪ್ಪಾ, ಈ ಬೀಗ ಹಾಕಿದ್ದು ನಾನು ಒಳಗೆ ಬರಬಾರದು ಅಂತಾನಾ, ಅವಳು ಹೊರಗೆ ಹೋಗಬಾರದು ಅಂತಾನಾ?"